ಉಪ್ಪಿನ ಪೆಟ್ಟಿಗೆಯಲ್ಲಿ ಅಲ್ಲೆಲೂಯ

ಈ ವರ್ಷ ಅಲ್ಲೆಲೂಯವನ್ನು ಹೂಳಲು
ಮಣ್ಣು ಒಪ್ಪಲಿಲ್ಲ.
ಗುದ್ದಲಿ ಠಣ್ಣೆಂದು ನನ್ನ ಮೊಣಕೈಗೇ ಮರಳಿತು.
ಕೇಪ್ ಬ್ರೆಟನ್ನಿನ ಈ ಮೂಲೆಯಲ್ಲಿ ಫೆಬ್ರವರಿ ಹೀಗೆಯೇ:
ಕೊಲ್ಲಿಯ ಮೇಲೆ ಮಂಜುಗಡ್ಡೆ, ಮಂಜುಗಡ್ಡೆಯ ಮೇಲೆ ಗಾಳಿ,
ದಡದಲ್ಲಿ ಬೋರಲು ಮಲಗಿದ ದೋಣಿಗಳು.

ಮಕ್ಕಳು ಆರು ಜನ. ಊರಲ್ಲಿರುವುದೇ ಅಷ್ಟು.
ಹಳೆಯ ಹಾಸಿಗೆವಸ್ತ್ರದ ಮೇಲೆ ನೀಲಿ ಬಣ್ಣದಲ್ಲಿ
ಅವರೇ ಬರೆದದ್ದು ಆ ಪದ; ಒಂದಕ್ಷರ ಹೆಚ್ಚಾಗಿತ್ತು.
ಈಸ್ಟರ್‌ವರೆಗೆ ಇದನ್ನು ಹಾಡಕೂಡದು, ಉಸುರಲೂ ಕೂಡದು
ಎಂದು ಪಾದ್ರಿ ಅನ್ಸೆಲ್ಮ್ ಹೇಳುತ್ತಿದ್ದಾಗ
ಪುಟ್ಟ ಒಡೀಲ್ ಕೇಳಿದಳು:
"ನೆಲದೊಳಗೆ ಅದಕ್ಕೆ ಚಳಿಯಾಗುವುದಿಲ್ಲವೆ?"
ಕೊನೆಗೆ ಥಿಯೋಟಿಮ್‌ನ ಮೀನಿನ ಪೆಟ್ಟಿಗೆ ತಂದೆವು.
ಕೆಳಗೊಂದು ಪದರ ಉಪ್ಪು, ಮೇಲೊಂದು ಪದರ ಉಪ್ಪು,
ಕಾಡ್ ಮೀನನ್ನು ಹಾಕಿಡುವ ಹಾಗೆಯೇ.
"ಕೆಡುವುದಿಲ್ಲ ಬಿಡಿ," ಎಂದ ಥಿಯೋಟಿಮ್,
"ನಮ್ಮಜ್ಜ ಹಾಕಿಟ್ಟದ್ದು ಎರಡು ಚಳಿಗಾಲ ಬಾಳುತ್ತಿತ್ತು."

ಇಗರ್ಜಿಯ ಬಾಯ್ಲರ್ ನನ್ನ ಮಾತು ಮಾತ್ರ ಕೇಳುತ್ತದೆ,
ಅದೂ ಒದ್ದ ಮೇಲೆ.
ಎಣ್ಣೆಯ ಬಿಲ್ಲು ಬಂದಾಗಲೆಲ್ಲ ಸಭೆ ಕೂರುತ್ತೇವೆ:
ಮೂವತ್ತೊಂದು ತಲೆ, ಮುನ್ನೂರು ತಲೆಗೆ ಕಟ್ಟಿದ ಛಾವಣಿ.
ಎಡಸಾಲಿನಲ್ಲಿ ದ್ವಾರೋನ್ ಮನೆಯವರು, ಬಲಕ್ಕೆ ಲೆಫೋರ್ ಮನೆಯವರು.
ಯಾರೋ ಲಾಬ್‌ಸ್ಟರ್ ಬೋನಿನ ಹಗ್ಗ ಕಡಿದ ಆ ಜೂನ್‌ನಿಂದ ಮಾತಿಲ್ಲ.
ಆದರೂ ಆ ಭಾನುವಾರ ಹಾಡಿನ ಪುಸ್ತಕ ಸಾಲಲಿಲ್ಲ
(ಇಲಿಗಳಿಗೂ ಭಕ್ತಿಯ ಹಸಿವು),
ಎರಡೂ ಮನೆಯ ಮುದುಕಿಯರು
ಒಂದೇ ಪುಟವನ್ನು ಎರಡು ಅಂಚಿನಲ್ಲಿ ಹಿಡಿದು,
ಮುಖವನ್ನು ಮಾತ್ರ ಬೇರೆ ಬೇರೆ ಗೋಡೆಗೆ ತಿರುಗಿಸಿ
ಕಡೆಯ ಅಲ್ಲೆಲೂಯ ಹಾಡಿದರು.
ಶ್ರುತಿ ಕೂಡಲಿಲ್ಲ. ಪುಟ ಹರಿಯಲಿಲ್ಲ.

ಆಮೇಲೆ ಗರಿಗಳ ಲೆಕ್ಕ.
ಕಳೆದ ವರ್ಷ ಹರಸಿ ಕೊಟ್ಟದ್ದನ್ನು ಸುಟ್ಟರೆ ತಾನೆ
ಬುಧವಾರಕ್ಕೆ ಬೂದಿ?
ಬಾಗಿಲ ಬಳಿ ಬುಟ್ಟಿ ಇಟ್ಟೆ.
ಬಂದವು: ಗಡಿಯಾರದ ಹಿಂದಿನಿಂದ, ಶಿಲುಬೆಯ ತೋಳಿನಿಂದ,
ಟ್ರಕ್ಕಿನ ಕನ್ನಡಿಯಿಂದ; ಒಂದನ್ನು ಬೆಕ್ಕು ಅರ್ಧ ತಿಂದಿತ್ತು.
ಓಜೀತ್ ಅಜ್ಜಿ ಒಂದು ಹಿಡಿ ತಂದಳು, ಹನ್ನೊಂದು ವರ್ಷದ್ದು:
"ಪ್ರತಿ ಸಲ ಮರೆತೆ. ಸಾಲ ತೀರಿತು ನೋಡು."

ಮಂಗಳವಾರ ಸಂಜೆ, ಇಗರ್ಜಿಯ ಹಿತ್ತಲಲ್ಲಿ,
ಒಂದು ತೂತು ಹಂಡೆಯೊಳಗೆ ಬೆಂಕಿ ಹಾಕಿದೆ.
ಹಸಿಯಿದ್ದಾಗ ಎಷ್ಟು ಬಳುಕುತ್ತಿತ್ತೋ ಗರಿ
ಒಣಗಿದ ಮೇಲೆ ಅಷ್ಟೇ ಚುರುಕಾಗಿ ಉರಿಯುತ್ತದೆ.
ಬುಟ್ಟಿಯ ತಳದಲ್ಲಿ ಒಂದು ಗುಲಾಬಿ ಸಿಕ್ಕಿತು,
ಗರಿಯನ್ನೇ ಮಡಿಸಿ, ಸುತ್ತಿ, ಗಂಟು ಹಾಕಿ ಮಾಡಿದ್ದು.
ಹಾಗೆ ಮಾಡಬಲ್ಲವಳು ಜೆಲೀ ಒಬ್ಬಳೇ.
ಪೇಟೆಯ ವೃದ್ಧರ ಮನೆಯಲ್ಲಿ ಈಗ ಅವಳಿಗೆ
ನನ್ನ ಹೆಸರು ಹೋಗಿದೆ, ಅವಳದೂ ಹೋಗಿದೆ;
ಬೆರಳುಗಳು ಮಾತ್ರ ಊಟದ ಕಾಗದದ ಕರವಸ್ತ್ರ ಹರಿದು
ಇಡೀ ದಿನ ಇದನ್ನೇ ಮಡಿಸುತ್ತವೆ.
ಜೇಬಿಗೆ ಹಾಕಿಕೊಂಡೆ. ತೆಗೆದೆ. ಮತ್ತೆ ಹಾಕಿಕೊಂಡೆ.
ನಾಳೆ ಎಲ್ಲರ ಹಣೆಗಿಡುವ ಬೂದಿಯಲ್ಲಿ
ಅವಳೂ ಇರಲಿ ಎಂದುಕೊಂಡು ಕೊನೆಗೆ ಹಂಡೆಗೆ ಬಿಟ್ಟೆ.
ಬೇಗ ಹತ್ತಲಿಲ್ಲ ಅದು. ಹತ್ತಿದ ಮೇಲೆ
ಮಡಿಕೆ ಮಡಿಕೆಯಾಗಿ ಬಿಚ್ಚಿಕೊಂಡು
ಒಂದು ಕ್ಷಣ ಬರಿಯ ಗರಿಯಾಯಿತು, ಕೆಂಪಗೆ, ನೆಟ್ಟಗೆ.

ಬೂದಿ ಒಂದು ಕಪ್ಪಿನಷ್ಟು. ಜರಡಿ ಹಿಡಿದ ಮೇಲೆ ಅರ್ಧ.
"ಸಾಕು," ಎಂದರು ಪಾದ್ರಿ, ಹೆಬ್ಬೆರಳು ತೋರಿಸಿ.

ಸಭಾಂಗಣದಲ್ಲಿ ಸಿಹಿದೋಸೆ.
ಮನೆಗಳಲ್ಲಿ ಉಳಿದ ಮೊಟ್ಟೆ, ಬೆಣ್ಣೆ, ಕೊಬ್ಬು ಎಲ್ಲ ಇಂದೇ ಮುಗಿಯಬೇಕು,
ನಾಳೆಯಿಂದ ನಾಲಗೆಗೆ ಬೀಗ.
ಹಿಟ್ಟಿನೊಳಗೆ ಉಂಗುರ, ನಾಣ್ಯ, ಗುಂಡಿ ಹುದುಗಿಸುವುದು ವಾಡಿಕೆ:
ಉಂಗುರ ಸಿಕ್ಕರೆ ಮದುವೆ, ನಾಣ್ಯ ಸಿಕ್ಕರೆ ದುಡ್ಡು,
ಗುಂಡಿ ಕಚ್ಚಿದವನು ಒಂಟಿ.
ಅರವತ್ತಮೂರು ವರ್ಷದ ನನ್ನ ಹಲ್ಲಿಗೆ ಗುಂಡಿ!
ಇಡೀ ಸಭಾಂಗಣ ಮೇಜು ಬಡಿದು ನಕ್ಕಿತು.
ನಗುವ ಭರದಲ್ಲಿ ದ್ವಾರೋನ್ ಮುದುಕಿ
ಪಾಕದ ಜಗ್ಗನ್ನು ಯಾರಿಗೆಂದು ನೋಡದೆ ಪಕ್ಕಕ್ಕೆ ಚಾಚಿದಳು;
ಲೆಫೋರ್ ಮುದುಕಿ, ಯಾರದೆಂದು ನೋಡದೆ, ಈಸಿಕೊಂಡಳು.

ರಾತ್ರಿ ಬಾಯ್ಲರಿಗೆ ಒದ್ದು, ದೀಪ ಆರಿಸುತ್ತ
ಏನನ್ನೋ ಗುನುಗುತ್ತಿದ್ದೆನಂತೆ.
ಕೈಗವಸು ಮರೆತು ವಾಪಸು ಬಂದ ಒಡೀಲ್
ಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು:
"ಅದನ್ನು ಹೂತಾಯಿತಲ್ಲ!"
ಹೌದಲ್ಲ, ಎಂದೆ.
ಇಬ್ಬರೂ ಉಪ್ಪಿನ ಪೆಟ್ಟಿಗೆಯ ಕಡೆ ನೋಡಿದೆವು.
ಮುಚ್ಚಳ ಸರಿಯಾಗಿಯೇ ಇತ್ತು.