ಎರಡು ವಿಷಲ್

ವಾರದ ರಜೆ ಮಂಗಳವಾರ.
ಖಾಕಿ ನೆನೆಹಾಕಿ
ಮಗಳನ್ನೂ ಅತ್ತೆಯನ್ನೂ ಕರೆದುಕೊಂಡು
ಹಾಸನದ ಆರ್.ಸಿ. ರಸ್ತೆಯ ಒಂದು ಮಹಡಿ ಹತ್ತಿದೆ.
ನೋವು ಮಗಳದು.
ನನ್ನದೂ ಇತ್ತು, ಹೇಳಿರಲಿಲ್ಲ:
ಬಲಗಡೆ ದವಡೆ,
ವಿಷಲ್ಲನ್ನು ಅತ್ತ ಸರಿಸಿ ‘ಟಿಕೆಟ್’ ಅನ್ನುವ ಕಡೆ.
ಬೇಲೂರು ದಾಟುವಷ್ಟರಲ್ಲಿ ಕಿವಿಗೆ ಹತ್ತುತ್ತಿತ್ತು.
ಲವಂಗ ಒತ್ತಿ, ಹಲ್ಲು ಕಚ್ಚಿ ತಡೆದುಕೊಂಡೆ.
ಹಲ್ಲುನೋವನ್ನು ಹಲ್ಲು ಕಚ್ಚಿ ತಡೆಯುವುದು ಹೇಗೋ
ಆ ಮಾತು ಕಟ್ಟಿದವರನ್ನೇ ಕೇಳಬೇಕು.

ಡಾಕ್ಟರ್ ನುಸ್ರತ್ ಬಾಯಿಗಿಂತ ಮೊದಲು
ಕೈ ನೋಡಿದರು. ಇಂಚರಳ ಮುಷ್ಟಿಯಲ್ಲಿ
ಅಜ್ಜಿ ಕೊಟ್ಟ ಕೊಬ್ಬರಿ ಮಿಠಾಯಿ ಅಂಟಿತ್ತು.
“ಬಾಯಿ ಬಿಟ್ಟರೆ ಬಣ್ಣಗೇಡು ಕಣವ್ವ” ಅಂದರು ಅತ್ತೆ,
ತಾಂಬೂಲದ ಬಾಯಿಗೆ ಸೆರಗು ಅಡ್ಡ ಹಿಡಿದು.
“ಬಣ್ಣ ನೋಡೋದೇ ನನ್ನ ಕೆಲಸ, ಅಜ್ಜಿ.”

ಕುರ್ಚಿ ಹಿಂದಕ್ಕೆ ವಾಲಿತು. ದೀಪ ಬಗ್ಗಿತು.
ಪುಟ್ಟ ಕನ್ನಡಿ ಒಳಗೆ ಹೋಗಿ ಬಂತು,
ಡ್ರೈವರು ಹಿಂದಿನ ಬಾಗಿಲು ನೋಡುವ ಹಾಗೆ.
“ಹುಳುಕು. ತುಂಬಿಸಬೇಕು.”

ನಾನು ಲೆಕ್ಕದವಳು.
“ಹಾಲುಹಲ್ಲು ಮೇಡಂ, ಇವತ್ತಲ್ಲ ನಾಳೆ ಬೀಳೋದು.
ಅದಕ್ಕೆ ಯಾಕೆ ಎಂಟುನೂರು?”

ಕೈಗವುಸು ಕಳಚುತ್ತಾ ಹೇಳಿದರು:
“ನಿಮಗೆ ಗೊತ್ತಿರಬೇಕಲ್ಲ. ಕಿಟಕಿಯಿಂದ ಟವೆಲ್ ಹಾಕ್ತಾರೆ,
ಆಸಾಮಿ ಹತ್ತೋವರೆಗೂ ಆ ಟವೆಲ್ಲೇ ಸೀಟು ಕಾಯುತ್ತೆ.
ಹಾಲುಹಲ್ಲು ಅಂದ್ರೆ ಆ ಟವೆಲ್ಲು.
ಮೊದಲೇ ತೆಗೆದರೆ ಪಕ್ಕದವರು ಸರಕೊಂಡು ಕೂರ್ತಾರೆ,
ಆಮೇಲೆ ಬರೋನು ಅಡ್ಡಾದಿಡ್ಡಿ ನಿಲ್ಲಬೇಕು.”

ಹದಿನಾಲ್ಕು ವರ್ಷದ ಸರ್ವೀಸಿನಲ್ಲಿ
ಟವೆಲ್ಲಿನ ಪರವಾಗಿ ಯಾರೂ ಇಷ್ಟು ಚೆನ್ನಾಗಿ ವಾದಿಸಿರಲಿಲ್ಲ.
ಎಷ್ಟು ಟವೆಲ್ ಎತ್ತಿ ಎಸೆದಿದ್ದೇನೆ ನಾನು,
ಕೊಣನೂರಿನ ಗಾಡಿಯಲ್ಲಿ, ಅರಸೀಕೆರೆಯ ಗಾಡಿಯಲ್ಲಿ!
ಒಪ್ಪಿದೆ.

ಡ್ರಿಲ್ಲಿನ ಸದ್ದಿಗೆ ಅತ್ತೆ ಎದ್ದು ಹೊರಗೆ ಹೋದರು.
ಇಂಚರ ನನ್ನ ಹೆಬ್ಬೆರಳು ಹಿಡಿದಳು,
ಟಿಕೆಟ್ ಮಿಷನ್ ಒತ್ತಿ ಒತ್ತಿ ಜಡ್ಡುಗಟ್ಟಿದ್ದನ್ನು.
ಅಳಲಿಲ್ಲ. ನಾನೇ, ಸ್ವಲ್ಪ.

ಮುಗಿದ ಮೇಲೆ “ಈಗ ನೀವು” ಅಂದರು.
“ನಂಗೇನಿಲ್ಲ ಮೇಡಂ.”
“ಬಂದಾಗಿನಿಂದ ಎಡಗಡೆಯಲ್ಲೇ ಮಾತಾಡ್ತಿದೀರ.”
ಚೆಕಿಂಗಿನವರ ಕೈಗೆ ಟಿಕೆಟ್ಟಿಲ್ಲದೆ ಸಿಕ್ಕ ಹಾಗಾಯಿತು.
ಮೂವತ್ತೆರಡು ಸೀಟು ಎಣಿಸಿದರು.
ಎರಡು ಖಾಲಿ. ಒಂದರ ಬುಡ ಕೊಳೆತಿದೆ:
ರೂಟ್ ಕೆನಾಲು, ಮೂರು ಸಾರಿ ಬರಬೇಕು.
ಮುಂದಿನ ಮಂಗಳವಾರವನ್ನು ಚೀಟಿಯ ಬೆನ್ನಿಗೆ ಬರೆದು ಕೊಟ್ಟರು,
ನಾನು ಟಿಕೆಟ್ಟಿನ ಹಿಂದೆ ಚಿಲ್ಲರೆ ಬರೆಯುವ ಹಾಗೇ.
ಕೇಳಿ ಇಸಕೊಳ್ಳದಿದ್ದರೆ ನಷ್ಟ ನಿಮ್ಮದು.

“ರಾತ್ರಿ ಯಾರು ಉಜ್ಜಿಸ್ತಾರೆ?”
ಆ ಪ್ರಶ್ನೆ ಮಾತ್ರ ಮೆಟ್ಟಿಲಿಳಿದು
ನಮ್ಮ ಜೊತೆ ಮನೆಗೇ ಬಂತು.
ಅಪ್ಪ ವೆಲ್ಡಿಂಗ್ ಅಂಗಡಿ ಮುಚ್ಚೋದು ಹತ್ತಕ್ಕೆ.
ಅಜ್ಜಿಗೆ ಬ್ರಷ್ಷೆಂದರೆ ಬೂಟಿಗೆ ಹಾಕೋದು.
ನಂಗೆ ವಾರಕ್ಕೆ ಮೂರು ದಿನ ಸೆಕೆಂಡ್ ಶಿಫ್ಟು,
ಡಿಪೋದಲ್ಲಿ ದುಡ್ಡು ಕಟ್ಟಿ ಬರುವಾಗ ಹನ್ನೊಂದು.

ಈಗ ಒಂದು ಏರ್ಪಾಡಾಗಿದೆ.
ಮನೆಯಲ್ಲಿದ್ದರೆ ಬಚ್ಚಲ ಬಾಗಿಲಲ್ಲಿ ನಿಂತು
ಎರಡು ವಿಷಲ್ ಊದುತ್ತೇನೆ: ಹೊರಡಲಿ.
ಮೇಲಿನ ಸಾಲು, ಒಳಗಿನ ಸಾಲು,
ಹಿಂದಿನ ಉದ್ದ ಸೀಟು ಮರೀಬೇಡ.
ಎರಡು ನಿಮಿಷಕ್ಕೆ ಒಂದು ವಿಷಲ್: ನಿಲ್ಸು, ಉಗಿ.
ಅತ್ತೆಯೂ ಬಂದು ನಿಲ್ಲುತ್ತಾರೆ
ಬೆರಳಿಗೆ ಪೇಸ್ಟ್ ಹಚ್ಚಿಕೊಂಡು,
ಇರುವ ಆರಕ್ಕೆ.

ಸೆಕೆಂಡ್ ಶಿಫ್ಟಿನ ದಿನ
ಮೂಡಿಗೆರೆ ಸ್ಟ್ಯಾಂಡಿನಲ್ಲಿ ಕಾಲು ಗಂಟೆ ಬಿಡುವು.
ನಲ್ಲಿಯ ಹತ್ತಿರ ನಿಂತು ಎಂಟೂವರೆಗೆ ಫೋನ್ ಹಚ್ಚುತ್ತೇನೆ,
ಬಾಯಲ್ಲಿ ನನ್ನ ಬ್ರಷ್ಷು, ಕೈಯಲ್ಲಿ ವಿಷಲ್ಲು.
ಕಡಲೆಕಾಯಿ ಮಾರುವ ಹುಡುಗ ಮೊದಮೊದಲು ನಗುತ್ತಿದ್ದ.
ಆಚೆ ಕಡೆ ಮಗ್ಗಿಗೆ ನೀರು ಬೀಳುವ ಸದ್ದು.
“ಅಮ್ಮಾ, ರೆಡಿ.”
ಬ್ರಷ್ ತೆಗೆದು ಊದುತ್ತೇನೆ ಎರಡು.

ಎದುರಿಗೆ ನಿಂತ ನಮ್ಮ ಬಸ್ಸಿನೊಳಗೆ
ಮುಖಕ್ಕೆ ಟವೆಲ್ ಹಾಕಿ ಒರಗಿದ ಡ್ರೈವರ್ ನಂಜೇಗೌಡರು
ನಿದ್ದೆಯಲ್ಲೇ ಕೈ ಚಾಚಿ
ಗೇರ್ ಹುಡುಕುತ್ತಾರೆ.