ಮನುಷ್ಯರಿಗಲ್ಲ

ಥರ್ಮೋಕೋಲ್ ಪೆಟ್ಟಿಗೆ ಧಾರವಾಡಕ್ಕೆ ಬಂದದ್ದು ಶುಕ್ರವಾರ, ಮೂರೂವರೆಗೆ.
ಹುಬ್ಬಳ್ಳಿಯ ಕೊರಿಯರ್ ಗೋಡೌನಿನಲ್ಲಿ ಎರಡು ದಿನ ಕೂತು
ಒಣಮಂಜು ಹಾರಿಹೋಗಿ
ಕಡಲೆಕಾಳಿನಷ್ಟು ನಾಲ್ಕು ಬಿಳಿ ಚೂರು ಉಳಿದಿದ್ದವು,
ಇನ್ನೂ ಹೊಗೆಯಾಡುತ್ತ.
ಮಕ್ತುಂಸಾಬ ಸಹಿ ಮಾಡಿ ಇಸಿದುಕೊಂಡ.
"ಅಕ್ಕಾರ, ಖಾಲಿ ಡಬ್ಬಿ ಕಳಿಸ್ಯಾರ ನೋಡ್ರಿ. ತೂಕನ ಇಲ್ಲ."

ಖಾಲಿಯಲ್ಲ.
ಡಬ್ಬಿಯೊಳಗಿನ ಚೀಲದೊಳಗೆ ಒಂದು ಕೊಳವೆ,
ಅದರ ತಳದಲ್ಲಿ ಕಂಡೂ ಕಾಣದ ಒಂದು ಹನಿ:
ಪಿ ಐವತ್ಮೂರು, ಹತ್ತು ಮೈಕ್ರೋಗ್ರಾಂ.
ನನ್ನ ಒಂದು ತಿಂಗಳ ಫೆಲೋಶಿಪ್ಪಿಗಿಂತ ದುಬಾರಿ,
ಅದೂ ಫೆಲೋಶಿಪ್ಪು ಬಂದ ತಿಂಗಳು.

ಮನುಷ್ಯನ ಪ್ರೋಟೀನು.
ಆದರೆ ಯಾವ ಮನುಷ್ಯನ ಮೈಯಿಂದಲೂ ತೆಗೆದದ್ದಲ್ಲ.
ಕರುಳಿನ ಒಂದು ಬ್ಯಾಕ್ಟೀರಿಯಾಕ್ಕೆ
ನಮ್ಮ ಜೀನನ್ನು ಬಾಯಿಪಾಠ ಮಾಡಿಸಿ
ರಾತ್ರಿಯಿಡೀ ಬೆಚ್ಚಗೆ ಕುಲುಕಿ
ಬೆಳಗ್ಗೆ ಅದರ ಮೈಯೊಡೆದು ಸೋಸಿಕೊಂಡದ್ದು.
ಆ ಹುಳಕ್ಕೆ ಗಡ್ಡೆಯಿಲ್ಲ, ಗಡ್ಡೆಯ ಭಯವಿಲ್ಲ.
ಅರ್ಥ ತಿಳಿಯದೆ ಮಗ್ಗಿ ಹೇಳುವ ಹುಡುಗನಂತೆ
ಮುನ್ನೂರ ತೊಂಬತ್ತಮೂರು ಅಕ್ಷರ
ತಪ್ಪದೆ ಒಪ್ಪಿಸಿ ಸತ್ತಿದೆ.

ಇದರ ಕೆಲಸ ಏನಂತ ಅಪ್ಪ ಕೇಳಿದ್ದ,
ಬೆಟಗೇರಿಯಲ್ಲಿ, ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು.
ಎಳಿ ಹರದರ ನೀ ಏನ ಮಾಡ್ತಿ, ಅಂದೆ.
"ಮಗ್ಗಾ ನಿಂದರಸ್ತೀನಿ. ಗಂಟ ಹಾಕ್ತೀನಿ."
ಗಂಟ ಹಾಕಾಕ ಬರದಂಗ ಹರದಿದ್ದರ?
"ಅಷ್ಟೂ ಕೊಯ್ದ ಒಗೀತೀನಿ."
ಇದೂ ಇಷ್ಟ ಮಾಡತೈತಿ ಅಪ್ಪಾ, ಮೈಯೊಳಗ.
ಅವನು ಲಾಳಿ ಒಗೆದ, ಹಿಡಿದ, ಮತ್ತೆ ಒಗೆದ.
"ಹಂಗಾರ ಅದಕ್ಕ ಕೂಲಿ ಎಷ್ಟ?"

ಕೊಳವೆಯನ್ನು ಫ್ರೀಜರಿಗೆ ಸೇರಿಸಿ ಕೈ ಒರೆಸಿಕೊಳ್ಳುವಷ್ಟರಲ್ಲಿ
ಕರೆಂಟು ಹೋಯಿತು.
ಜನರೇಟರಿನ ಡೀಸೆಲ್ ಕಡತ ಯಾರದೋ ಮೇಜಿನ ಮೇಲೆ.
ಫ್ರೀಜರು ಕೂಗತೊಡಗಿತು:
ಮೈನಸ್ ಎಂಬತ್ತು, ಎಪ್ಪತ್ತೊಂಬತ್ತು, ಎಪ್ಪತ್ತೇಳು.
ಬಾಗಿಲು ತೆಗೆಯಬಾರದು, ಅಷ್ಟೇ ನಮ್ಮ ಕೈಲಿರುವುದು.
ಇಬ್ಬರೂ ಅದಕ್ಕೆ ಬೆನ್ನು ಕೊಟ್ಟು ನೆಲಕ್ಕೆ ಕೂತೆವು.

"ಚೀಟಿ ಮ್ಯಾಲ ಏನ ಬರದೈತ್ರಿ?"
ಓದಿದೆ. ಸಂಶೋಧನೆಗೆ ಮಾತ್ರ. ಮನುಷ್ಯರಿಗೆ ಬಳಸತಕ್ಕದ್ದಲ್ಲ.
"ಮನಷ್ಯಾಂದು, ಮತ್ತ ಮನಷ್ಯಾಗ ಅಲ್ಲ?"
ನಕ್ಕ. ಬಾಯಿ ಎರಡು ಬೆರಳಿನಷ್ಟೇ ತೆರೆಯಿತು.
ಹತ್ತೊಂಬತ್ತು ವರ್ಷದ ಗುಟ್ಕಾ.
ಮೊದಲೆಲ್ಲ ಮಿರ್ಚಿ ಇಡಿಯಾಗಿ ಬಾಯಿಗಿಡುತ್ತಿದ್ದ,
ಈಗ ಮುರಿದು, ಮುರಿದು, ಖಾರ ತಾಳದೆ ಕಣ್ಣೊರೆಸಿಕೊಂಡು ತಿನ್ನುತ್ತಾನೆ.
ಗಲ್ಲದೊಳಗೊಂದು ಬಿಳಿ ಕಲೆ.
ನಾನು ನೋಡಿದ್ದೇನೆ; ನೋಡಿದ್ದು ಅವನಿಗೂ ಗೊತ್ತು.

"ಒಂದ ಹನಿ... ಬೆರಳಿಗೆ ಹಚಗೊಂಡ ಒಳಗ ತಿಕ್ಕಿದರ?"

ಇಲ್ಲ.
ಅದು ಕೋಶದ ಬಾಗಿಲು ದಾಟುವುದಿಲ್ಲ, ಮಕ್ತುಂಸಾಬ.
ಉಗುಳಲ್ಲಿ ಹರಡಿ, ನುಂಗಿದರೆ ಬೇಳೆಯ ಹಾಗೆ ಅರಗುತ್ತದೆ.
ನನಗೆ ಬೇಕಿರುವುದು ಜೆಲ್ಲಿನ ಮೇಲೆ ಒಂದು ನೀಲಿ ಗೆರೆ,
ಗೆರೆ ಬಂದರೆ ಒಂದು ಪುಟ,
ಪುಟ ಪುಟ ಕೂಡಿ ಯಾವಾಗಲೋ ಯಾರಿಗೋ ಅಂತ
ಶುರು ಮಾಡಿದೆ,
ನನ್ನ ದನಿ ನನಗೇ ಕೇಳಿಸಿ ಸುಮ್ಮನಾದೆ.
ಫ್ರೀಜರು ಕೂಗುತ್ತಲೇ ಇತ್ತು.

ಸೋಮವಾರ ನವನಗರದ ಆಸ್ಪತ್ರಿಗೆ ಹೋಗೂಣು. ನಾನೂ ಬರ್ತೀನಿ.
"ಸೋಮವಾರ ಪ್ರಾಕ್ಟಿಕಲ್ ಅದಾವ್ರಿ. ಬಾಟ್ಲಿ ಯಾರ ತೊಳಿತಾರ?"
ಕಿಸೆಯಿಂದ ಗುಟ್ಕಾ ಚೀಟು ತೆಗೆದ.
ಹರಿಯಲಿಲ್ಲ. ಒಗೆಯಲೂ ಇಲ್ಲ.
ಮತ್ತೆ ಕಿಸೆಗೇ ಇಟ್ಟ.

ಐದೂ ಐವತ್ತಕ್ಕೆ ದೀಪ ಬಂತು. ಮೈನಸ್ ಅರವತ್ತಾರು.
ಹನಿ ಉಳಿಯಿತೋ ಇಲ್ಲವೋ
ಜೆಲ್ ಓಡಿಸುವವರೆಗೆ ಹೇಳಲಾಗದು.
ಅವನು ಎದ್ದು, ಪ್ಯಾಂಟು ಜಾಡಿಸಿ,
ರಿಜಿಸ್ಟರಿನಲ್ಲಿ ವೇಳೆ ಬರೆದ, ದುಂಡಗೆ.
"ಈ ಪೆಟಿಗಿ ಒಯ್ಯಲೇನ್ರಿ ಅಕ್ಕಾರ?
ಮನ್ಯಾಗ ಕೋಳಿಮರಿ ಅದಾವು, ಬೆಚ್ಚಗಿರತಾವು."

ಪೆಟ್ಟಿಗೆಯ ಮೇಲೂ ಅದೇ ಚೀಟಿ ಅಂಟಿತ್ತು.
ಉಗುರಿನಿಂದ ಕೆರೆದು ಕೆರೆದು ಕಿತ್ತೆ,
ಆಮೇಲೆ ಕೊಟ್ಟೆ.