ಕಮ್ಮಿ ಬಿದ್ದ ಬೀಡಿಗಳ ಲೆಕ್ಕ

ಸೊಲ್ಲಾಪುರದ ಸಿವ್ಹಿಲ್ ದವಾಖಾನ್ಯಾಗ
ಡಾಕ್ಟರಬಾಯಿ ಕೇಳಿದಳು:
ನಿಂಬಾಬಾಯಿ, ನೋವು ಯಾವಾಗಿನಿಂದ?
ನಿಂಬೆವ್ವ ನಾನು. ಮರಾಠಿ ಬಾಯಾಗ ನಿಂಬಾಬಾಯಿ.
ಏನಂತ ಹೇಳಲಿ,
ನೋವಿಗೆ ತಾರೀಖು ಇರತದಂತ
ನನಗ್ಯಾರು ಹೇಳಿದ್ದರು?

ಆಧಾರ ಕಾರ್ಡ್ ತೆಗೀಲಿಕ್ಕ ಚೀಲಕ್ಕ ಕೈ ಹಾಕಿದರ
ಬಂದದ್ದು ಬೀಡಿ ಪುಸ್ತಕ.
ಮುನಶಿಯ ನೀಲಿ ಶಾಯಿ, ಅಂಚಿಗೆಲ್ಲಾ ಜರ್ದಾದ ಕಮಟು.
ಆಕಿ ಸುಮ್ಮನ ತಿರುವಿದಳು. ಒಂದು ಹಾಳಿ.
ಇನ್ನೊಂದು.
ಆಮ್ಯಾಲ ಪೆನ್ನು ತಗೊಂಡಳು.

ಒಂಬೈನೂರು, ಹಜಾರ, ಹಜಾರ,
ಆರುನೂರು,
ಇನ್ನೂರೈವತ್ತು,
ಖಾಲಿ.
ಖಾಲಿ.
ನಾನೂರು. ಮತ್ತ ಒಂಬೈನೂರು.
ಇಪ್ಪತ್ತಾರು ದಿನಕ್ಕ ಮತ್ತ ಅದೇ ಇಳಕಲು,
ಅದೇ ಬಾವಿ, ಅದೇ ಮೆಟ್ಟಲು.
ಈ ಖಾಲಿ ಏನು? ಅಂದಳು.

ಏಳಲಿಕ್ಕಾಗಲಿಲ್ಲ, ಅಂದೆ.

ಹಂಗ ಶುರುವಾತು. ನಾಚಿಕಿ ಇಲ್ಲದ ಪ್ರಶ್ನಿ,
ನಾಚಿಕಿ ಇಲ್ಲದ್ದಕ್ಕ ನನಗ ಹಗುರಾತು.
ಸಂಡಾಸಕ್ಕ ಕುಂತಾಗ?
ಆ ನಾಕು ದಿನ, ಒಡದ ಬಳಿ ಹೊರಗ ಬಂದ್ಹಂಗ.
ತೊಡಿಗಿ ಇಳೀತದೇನು?
ಬಲಗಾಲು, ಮೊಳಕಾಲತನಕ.
ದಿನಾ ಮೊರ ತೊಡಿ ಮ್ಯಾಲ ಇಟ್ಟಿರತೀನಲ್ಲ,
ಅದರ ಭಾರ ಅಂದ್ಕೊಂಡಿದ್ದೆ.
ಹೊಟ್ಟಿ ಉಬ್ಬತದ? ಮೈ ಸೋಲತದ, ಮಲಗಿ ಎದ್ದರೂ?
ಹೂಂ. ಹೂಂ.
ಗಂಡನ ಜೋಡಿ?
ನಾ ಗ್ವಾಡಿ ನೋಡಿದೆ. ಪೋಲಿಯೋ ಹನಿಯ ಚಿತ್ರ,
ಬಾಯಿ ತೆರದ ಕೂಸು.
ಒಂಬತ್ತು ವರ್ಷದಾಗ ಯಾರಿಗೂ ಅನ್ನದ ಹೂಂ
ಅಲ್ಲಿ ಅಂದೆ.

ಎರಡು ಸಲ ಸೋನೋಗ್ರಾಫಿ ಮಾಡಿಸಿದ್ದೆ,
ಎರಡೂ ಸಲ ನಾರ್ಮಲ್.
ಕಾಗದ ನಾರ್ಮಲ್ ಅಂದ ಮ್ಯಾಲ
ಮನ್ಯಾಗ ನಾ ಕಳ್ಳಿ ಆದೆ, ಕೆಲಸಗಳ್ಳಿ.
ಎಲ್ಲಾರಿಗೂ ಬರತದ, ನೀ ಏನ ಜಗದಾಗ ಒಬ್ಬಾಕಿ? ಅಂದಳು ಅತ್ತಿ.
ಕೂಸಾದರ ಹೋಗತದ ಅಂದಳು.
ಕೂಸೂ ಆಗಲಿಲ್ಲ, ಅದೂ ಹೋಗಲಿಲ್ಲ.

ಡಾಕ್ಟರಬಾಯಿ ಮರಾಠ್ಯಾಗ ಹೇಳಿದಳು,
ನಾ ಕನ್ನಡದಾಗ ತಿಳಕೊಂಡೆ.
ನಡುವ ರೋಗದ ಹೆಸರು ಒಂದು
ಯಾರ ಮನೀದೂ ಅಲ್ಲದ ದನಧಂಗ ನಿಂತಿತ್ತು: ಎಂಡೋಮೆಟ್ರಿಯೋಸಿಸ್.
ಚೀಲದ ಒಳಗಿನ ಪದರಿನಂಥಾದ್ದು
ಚೀಲದ ಹೊರಗ ಹತ್ತಿ ಕುಂದರತದಂತ.
ತಿಂಗಳಿಗೊಮ್ಮಿ ಅದೂ ನೆತ್ತರಾಗತದಂತ,
ಹರೀಲಿಕ್ಕ ದಾರಿ ಇಲ್ಲ, ಅಲ್ಲೇ ನಿಂತು
ಅಕ್ಕಪಕ್ಕದ್ದಕ್ಕ ಅಂಟತದಂತ.

ಮುಟ್ಟಾದರ ನಾವು ಹೊರಗಾದಳು ಅಂತೀವಿ.
ಹದಿಮೂರು ವರ್ಷದಾಕಿ ಇದ್ದಾಗಿಂದ
ತಿಂಗಳಾ ಹೊರಗ ಕುಂತೀನಿ, ಬಚ್ಚಲ ಬಾಜೂಕ, ಬ್ಯಾರೆ ತಂಬಿಗಿ.
ನನ್ನ ಹೊಟ್ಟಿಯೊಳಗೂ ಒಂದು ಹೊರಗದ,
ಅಲ್ಲೂ ಏನೋ ಒಂದು ಹಂಗ ಕುಂತದ ಅಂತ
ಇವತ್ತ ಗೊತ್ತಾತು.

ಇರಬಹುದು ಅಂದಾಳಷ್ಟ, ಹೌದು ಅಂದಿಲ್ಲ.
ದುರ್ಬೀನು ಹಾಕಿ ನೋಡಬೇಕಂತ, ಪಾಳಿ ಹಚ್ಚಬೇಕಂತ,
ಅಲ್ಲೀತನಕ ಗುಳಿಗಿ.
ಪುಸ್ತಕ ತಪ್ಪದ ತಗೊಂಡ ಬಾ ಅಂದಳು.
ಮುನಶಿ ಕಮ್ಮಿ ಬರದಾಗೆಲ್ಲಾ ಬೈಸಿಕೊಂಡ ಪುಸ್ತಕ.

ಸಂಜಿಕ ಕುಂಭಾರಿ ಬಸ್ಸು ಹಿಡದು ಅವ್ವನ ಮನಿಗೆ ಹೋದೆ.
ಅವ್ವ ಎಲಿ ಕತ್ತರಸತಿದ್ದಳು, ಕಣ್ಣು ಮಂಜಾದರೂ ಕೈ ತಪ್ಪೂದಿಲ್ಲ.
ನಮಗೇನೂ ಆಗತಿದ್ದಿಲ್ಲವಾ, ನಾವು ಗಟ್ಟಿ ಅಂದಳು, ಯಾವಾಗಿನಂಗ.
ನಾ ಟ್ರಂಕು ತೆಗದೆ.
ಪಿಂಚಣಿಗೆ ಬೇಕಾದೀತಂತ ಇಟ್ಟ ಹಳೀ ಪುಸ್ತಕ,
ನಾ ಹುಟ್ಟೂಕಿಂತ ಮೊದಲಿಂದು.
ಬಲ್ಬಿನ ಬುಡಕ ಕುಂತು ಬಟ್ಟಿಟ್ಟು ಓದಿದೆ.

ಏಳುನೂರು, ಎಂಟುನೂರು, ಎಂಟುನೂರು,
ನೂರು.
ಖಾಲಿ.
ಖಾಲಿ.

ಅವ್ವಾ, ಈ ಖಾಲಿ ಏನು?
ಹಬ್ಬ ಇದ್ದಿರಬೇಕ ತಗಿ.
ತಿಂಗಳಾ ತಿಂಗಳಾ?

ಅವ್ವ ಕತ್ತರಿ ಹುಡುಕಿದಳು.
ಕತ್ತರಿ ಆಕಿ ಕೈಯಾಗ ಇತ್ತು.